ಉಪ್ಪು ನೋಡಿದ ನಾಲಿಗೆ

ಸೌಟಕ್ಕನ ಕೈ ಕೆಟ್ಟಿತು, ಅದಕ್ಕೇ ಅವಳ ಊಟದ ವ್ಯಾಪಾರ ನಿಂತಿತು ಎಂದು ಈ ಬೀದಿಯಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳುವವರ ಬಾಯಿಗೆ ಬೀಗ ಹಾಕಲು ನನ್ನಿಂದ ಆಗುವುದಿಲ್ಲ. ಆದರೆ ನನ್ನ ಅಂಗಡಿಯ ಮುಂದೆ ನಿಂತು ಹೇಳಿದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ನಡೆದದ್ದನ್ನು ಕಣ್ಣಾರೆ ಕಂಡವಳು ನಾನು. ದಿನಸಿ ಅಂಗಡಿಯ ಗಲ್ಲಾದ ಹಿಂದೆ ಕೂತವಳಿಗೆ ಬೀದಿಯ ಅರ್ಧ ಸಂಸಾರ ತಾನಾಗಿಯೇ ಗೊತ್ತಾಗುತ್ತದೆ. ಯಾರ ಮನೆಗೆ ನೆಂಟರು ಬಂದರು, ಯಾರ ಮನೆಯಲ್ಲಿ ಒಲೆ ಎರಡಾಯಿತು, ಎಲ್ಲವೂ ಅವರು ಒಯ್ಯುವ ಅಕ್ಕಿ ಬೇಳೆಯಲ್ಲೇ ತಿಳಿಯುತ್ತದೆ.

ಸೌಟಕ್ಕ ಎಂಬ ಹೆಸರು ಅವಳಿಗೆ ಬಂದದ್ದು ಕಾರ್ಖಾನೆಯ ಕ್ಯಾಂಟೀನಿನಿಂದ. ಅಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ನೂರಾರು ಜನಕ್ಕೆ ಬೇಯಿಸುತ್ತಿದ್ದಳು. ಕೈಯಲ್ಲಿ ಸದಾ ತೋಳುದ್ದದ ಸೌಟು. ಮಾತಾಡುವಾಗಲೂ ಅದನ್ನೇ ಬೀಸುತ್ತಿದ್ದಳು, ಎದುರಿಗಿದ್ದವರು ತಲೆ ತಗ್ಗಿಸಿಕೊಳ್ಳಬೇಕು. ಉಪ್ಪಿಗೆ ಅಳತೆ ಎಂಬುದಿಲ್ಲ. ಡಬ್ಬಕ್ಕೆ ಕೈ ಹಾಕಿ, ಹಿಡಿ ತುಂಬಿ, ಹೆಬ್ಬೆರಳಿನಲ್ಲಿ ಚೂರು ಹಿಂದಕ್ಕೆ ನೂಕಿ ಹಂಡೆಗೆ ಎರಚಿದರೆ ಮುಗಿಯಿತು. ಅದು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ತಟ್ಟೆಯ ಪಕ್ಕದಲ್ಲಿ ಒಂದು ಪುಟ್ಟ ಉಪ್ಪಿನ ಪೊಟ್ಟಣ ಇಟ್ಟೇ ಕೊಡುತ್ತಿದ್ದಳು. ಯಾಕೆ ಅಂತ ಕೇಳಿದರೆ, "ಕಡಿಮೆ ಅನ್ನಿಸಿದೋರು ಹಾಕ್ಕೊಳ್ಳಲಿ. ಜಾಸ್ತಿ ಆದ್ರೆ ತೆಗೆಯೋಕಾಗುತ್ತೇನೇ?" ಅನ್ನುತ್ತಿದ್ದಳು.

ಆ ಪೊಟ್ಟಣದ ಮಾತು ಇಲ್ಲೇ ಹೇಳಿಬಿಡಬೇಕು. ಅವಳ ಅಪ್ಪನೂ ನನ್ನ ಹಾಗೆ ದಿನಸಿ ಮಾರಿದವನು. ಕಾಗದದ ಚೂರನ್ನು ದಾರವಿಲ್ಲದೆ, ಅಂಟಿಲ್ಲದೆ ಹಾಗೇ ಮಡಿಸಿ, ಕೊನೆಯ ತುದಿಯನ್ನು ಒಳಗೆ ಸಿಕ್ಕಿಸಿಬಿಟ್ಟರೆ ಎತ್ತಿ ಎಸೆದರೂ ಪೊಟ್ಟಣ ಬಿಚ್ಚುತ್ತಿರಲಿಲ್ಲ. ಆ ಮಡಿಕೆ ಅವನಿಂದ ಸೌಟಕ್ಕನಿಗೆ ಬಂತು, ಸೌಟಕ್ಕನಿಂದ ಅವಳ ತಂಗಿಗೆ. ನನಗೂ ಕಲಿಸಲು ನೋಡಿದ್ದಳು. ನನ್ನ ಪೊಟ್ಟಣ ಗಿರಾಕಿ ಬಾಗಿಲು ದಾಟುವ ಮೊದಲೇ ಬಾಯಿ ಬಿಡುತ್ತಿತ್ತು. "ನಿನ್ನ ಹಾಗೇ ಕಣೇ ಇದೂನೂ, ಬಾಯಿ ಮುಚ್ಚಲ್ಲ" ಎಂದು ನಕ್ಕಿದ್ದಳು.

ತಂಗಿಯನ್ನು ಸಾಕಿದವಳೂ ಇವಳೇ. ತಾಯಿ ಹೋದಾಗ ಆ ಮಗು ಇನ್ನೂ ಗೋಡೆ ಹಿಡಿದು ನಡೆಯುತ್ತಿತ್ತು. ಅದನ್ನು ಓದಿಸಿ, ಮದುವೆ ಮಾಡಿ, ದಡ ಸೇರಿಸುವಷ್ಟರಲ್ಲಿ ತನ್ನ ಮದುವೆಯ ಮಾತು ಹಿಂದೆಯೇ ಉಳಿದುಹೋಯಿತು. ತಂಗಿ ಎಡಚಿ; ಬೀದಿಗೆಲ್ಲ ಅವಳು ಎಡಚಿಯೇ. ಪಕ್ಕದ ಬೀದಿಯಲ್ಲಿ ಮನೆ, ಸಿನಿಮಾ ಟಾಕೀಸಿನ ಕೌಂಟರಿನಲ್ಲಿ ಟಿಕೆಟ್ ಕೊಡುವ ಕೆಲಸ. ಗಂಡ ಲಾರಿ ಓಡಿಸುತ್ತ ಊರೂರು ಸುತ್ತುವವನು. ಒಂದು ಮಾತು ಮಾತ್ರ ನಿಜ: ಅಷ್ಟು ಪ್ರೀತಿಯಿಂದ ಸಾಕಿದ ಅಕ್ಕ ತಂಗಿಯ ಕೈಗೆ ಸೌಟು ಮಾತ್ರ ಕೊಟ್ಟವಳಲ್ಲ. ಹೆಚ್ಚಿಕೊಡು, ತೊಳೆದುಕೊಡು, ಪೊಟ್ಟಣ ಕಟ್ಟು; ಒಲೆಯ ಹತ್ತಿರ ಬರಬೇಡ.

ಆಮೇಲೆ ಆ ದರಿದ್ರ ಕಾಯಿಲೆ ಬಂತು.

ಅಂಗಡಿಯ ಮುಂದೆ ಹಗ್ಗ ಕಟ್ಟಿದೆ. ರಸ್ತೆಯ ಮೇಲೆ ಸುಣ್ಣದಲ್ಲಿ ವೃತ್ತ ಬರೆದೆ. ಮೂಟೆಗೆ ಕೈ ಹಾಕಿ ಬೇಳೆ ಮೂಸಿ ನೋಡುತ್ತಿದ್ದವರೆಲ್ಲ ವೃತ್ತದಲ್ಲಿ ನಿಂತು ದೂರದಿಂದಲೇ ಕೂಗತೊಡಗಿದರು. ಮುಖಕ್ಕೆ ಬಟ್ಟೆ ಬೇರೆ. ಒಬ್ಬರು ಸಕ್ಕರೆ ಕೇಳಿದರೆ ನನಗೆ ಸಾಸಿವೆ ಎಂದು ಕೇಳುತ್ತಿತ್ತು. ಪಾವು ಕಿಲೋ ಒಯ್ಯುತ್ತಿದ್ದವರು ಮೂಟೆಗಟ್ಟಲೆ ಒಯ್ಯತೊಡಗಿದರು. ಮನೆಗೆ ಹೋದಮೇಲೆ ಟೊಮೆಟೊಗೂ ಸೋಪು ಹಚ್ಚಿ ತೊಳೆಯುತ್ತಿದ್ದರಂತೆ, ಮಕ್ಕಳಿಗೆ ಸ್ನಾನ ಮಾಡಿಸಿದಂತೆ. ಬಿಡಿ ಸಾಮಾನು ಯಾರಿಗೂ ಬೇಡ, ಎಲ್ಲವೂ ಮೊದಲೇ ಕಟ್ಟಿಟ್ಟದ್ದೇ ಆಗಬೇಕು.

ಕಾರ್ಖಾನೆ ಮುಚ್ಚಿತು, ಕ್ಯಾಂಟೀನೂ ಮುಚ್ಚಿತು. ಸೌಟಕ್ಕ ಕೈ ಕಟ್ಟಿ ಕೂರುವವಳಲ್ಲ. ಹೋಟೆಲುಗಳೆಲ್ಲ ಬಂದ್ ಆಗಿ ಒಂಟಿ ಜನ, ಮುದುಕರು, ಒಲೆ ಹಚ್ಚಲು ಬಾರದ ಹುಡುಗರು ಊಟಕ್ಕೆ ಪರದಾಡುವುದನ್ನು ನೋಡಿ ಮನೆಯಲ್ಲೇ ಬೇಯಿಸಿ ಕ್ಯಾರಿಯರ್ ಕಳಿಸತೊಡಗಿದಳು. ಅಷ್ಟರಲ್ಲಿ ಟಾಕೀಸೂ ಮುಚ್ಚಿ ಎಡಚಿ ಮನೆಯಲ್ಲಿ ಕೂತಿದ್ದಳು. ಅವಳೇ ಬಂದು ಕೇಳಿದಳು: "ಅಕ್ಕಾ, ಕ್ಯಾರಿಯರ್ ಮನೆಮನೆ ಗೇಟಿಗೆ ನಾನು ಮುಟ್ಟಿಸ್ತೀನಿ. ಫೋನೂ ನಾನೇ ನೋಡ್ಕೋತೀನಿ. ನೀನು ಒಲೆ ಮುಂದೆ ಇರು ಸಾಕು."

ಮೊದಲ ತಿಂಗಳುಗಳಲ್ಲಿ ಆ ಊಟಕ್ಕೆ ಎಂಥ ಹೆಸರು ಬಂತು ಗೊತ್ತೇ? ಮೂಲೆಮನೆಯ ನಿವೃತ್ತ ಮೇಷ್ಟ್ರು ಯಾರನ್ನೂ ಹೊಗಳಿದವರಲ್ಲ. ಅವರು ವೃತ್ತದಲ್ಲಿ ನಿಂತು, "ಸೌಟಕ್ಕ ಇರೋದಕ್ಕೆ ನಾನು ಬದುಕಿದೀನಮ್ಮ" ಎಂದರು. ಅವಳಿಗೆ ಅದೇ ಸಂಬಳ, ಅದೇ ಸನ್ಮಾನ. ಮನೆಯ ಬಾಡಿಗೆ, ಹೊಟ್ಟೆಪಾಡು, ಬೀದಿಯಲ್ಲಿ ತಲೆಯೆತ್ತಿ ನಡೆಯುವುದು, ಎಲ್ಲವೂ ಆ ಕ್ಯಾರಿಯರುಗಳ ಮೇಲೆ ನಿಂತಿತ್ತು.

ಒಂದು ಬೆಳಿಗ್ಗೆ ಅಂಗಡಿಗೆ ಬಂದವಳು ಹಗ್ಗ ದಾಟಿ ಒಳಗೇ ನುಗ್ಗಿದಳು. ನಾನು ಬೈಯುವ ಮೊದಲೇ ಕಾಫಿಪುಡಿಯ ಡಬ್ಬದ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ಆಮೇಲೆ ಮೆಣಸು. ಆಮೇಲೆ ಸೀಮೆಎಣ್ಣೆಯ ಕ್ಯಾನು.

"ಏನೇ ಇದು, ಹುಚ್ಚು ಹಿಡೀತಾ?" ಎಂದೆ.

"ಏನೂ ಇಲ್ಲ ಕಣೇ ಅಂಗಡಿ" ಎಂದಳು. ನನ್ನನ್ನು ಅವಳು ಕರೆಯುತ್ತಿದ್ದದ್ದೇ ಅಂಗಡಿ ಎಂದು. "ಏನೂ ವಾಸನೆ ಇಲ್ಲ. ಬಾಯಿಗಿಟ್ಟರೆ ಮರದ ಪುಡಿ. ಹೋದ ವಾರ ಮೈ ಬೆಚ್ಚಗಾಗಿತ್ತಲ್ಲ, ಬಾಗಿಲು ಹಾಕ್ಕೊಂಡು ಮಲಗಿದ್ದೆ. ಅದು ಹೋಗ್ತಾ ಇದನ್ನೂ ಎತ್ಕೊಂಡು ಹೋಗಿದೆ."

ಕಾಯಿಲೆ ಬಂದಿತ್ತು ಎಂದು ಗೊತ್ತಾದರೆ ಅವಳ ಕೈಯ ಅನ್ನ ಯಾರು ತಿಂದಾರು? ಆಗಿನ ಜನ ಹೇಗಿದ್ದರೆಂದರೆ, ಸೀನಿದವರ ಮನೆಯ ನೆರಳನ್ನೂ ದಾಟುತ್ತಿರಲಿಲ್ಲ. ಹಾಗಾಗಿ ವಿಷಯ ಗೊತ್ತಿದ್ದದ್ದು ಇಬ್ಬರಿಗೇ, ನನಗೆ ಮತ್ತು ಎಡಚಿಗೆ. ಮೈಯೆಲ್ಲ ಸುಧಾರಿಸಿ, ಡಾಕ್ಟರು ಇನ್ನು ಅಂಟುವುದಿಲ್ಲ ಎಂದ ಮೇಲೆಯೇ ಅವಳು ಮತ್ತೆ ಒಲೆ ಹಚ್ಚಿದ್ದು. ಆದರೆ ನಾಲಿಗೆ ಬರಲಿಲ್ಲ. ಹಂಡೆಯಾಗಿದ್ದರೆ ಅವಳ ಕೈಯೇ ಸಾಕಿತ್ತು, ಆ ಹಿಡಿ ಹಂಡೆಗೆ ಪಳಗಿದ ಹಿಡಿ. ಮನೆಯ ಪುಟ್ಟ ಪಾತ್ರೆಗೆ ಆ ಕೈ ಏನೂ ಅರಿಯದು. ಇಷ್ಟು ದಿನ ಅಲ್ಲಿ ಕಾಪಾಡಿದ್ದು ನಾಲಿಗೆ.

"ನೀನೇ ರುಚಿ ನೋಡಿ ಹೇಳೇ" ಎಂದು ನನ್ನನ್ನು ಕೇಳಿದಳು. ನನಗೋ ಬಿಪಿ, ವರ್ಷಗಳಿಂದ ಉಪ್ಪಿಲ್ಲದ ಊಟ. ಒಂದು ಕಣ ಉಪ್ಪು ತಾಗಿದರೂ ನನಗೆ ಅದು ಸಮುದ್ರ. ನನ್ನ ನಾಲಿಗೆಯನ್ನು ನಂಬಿದ್ದರೆ ಊರಿಗೆಲ್ಲ ಪಥ್ಯವಾಗುತ್ತಿತ್ತು.

ಹೀಗೆ ಆ ಕೆಲಸ ಎಡಚಿಗೆ ಬಂತು. ದಿನಾ ಬೆಳಿಗ್ಗೆ ಅಕ್ಕ ಸೌಟಿನ ತುದಿಯಲ್ಲಿ ಒಂದು ತೊಟ್ಟು ಸಾರು ಹಿಡಿದು, "ಉಪ್ಪು ನೋಡೇ" ಅನ್ನುವಳು. ತಂಗಿ ಅಂಗೈಗೆ ಹಾಕಿಸಿಕೊಂಡು ನೆಕ್ಕಿ, "ಸರಿ ಇದೆ ಅಕ್ಕಾ" ಅನ್ನುವಳು. ನಾನೇ ಎಷ್ಟು ಸಲ ಅವಳ ಅಡುಗೆಮನೆಯ ಕಿಟಕಿಯಿಂದ ನೋಡಿದ್ದೇನೆ. ನೋಡಿ ಕಣ್ಣು ತುಂಬಿಕೊಂಡಿದ್ದೇನೆ ಬೇರೆ! ಅಕ್ಕನಿಗೆ ತಂಗಿ ನಾಲಿಗೆಯಾದಳು ಎಂದು ನನ್ನ ಸೊಸೆಯ ಮುಂದೆ ಹೊಗಳಿದ್ದೇನೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಕ್ಯಾರಿಯರುಗಳು ಕಡಿಮೆಯಾಗತೊಡಗಿದವು. ಮೊದಲು ಹುಡುಗರ ರೂಮು ಬಿಟ್ಟಿತು, ಆಮೇಲೆ ನರ್ಸಮ್ಮ, ಆಮೇಲೆ ಮೇಷ್ಟ್ರೂ. ಸೌಟಕ್ಕ ಕೇಳಿದಾಗೆಲ್ಲ ಎಡಚಿಯ ಬಳಿ ಉತ್ತರ ತಯಾರಿತ್ತು. "ಎಲ್ಲರೂ ಮನೇಲೇ ಅಡುಗೆ ಕಲೀತಿದಾರಕ್ಕಾ, ಫೋನಲ್ಲಿ ನೋಡ್ಕೊಂಡು." "ಈಗ ಗುಂಡಿ ಒತ್ತಿದ್ರೆ ಊಟ ಬಾಗಿಲಿಗೆ ಬರುತ್ತಲ್ಲಕ್ಕಾ, ನಿನ್ನ ಊಟದ ಮೇಲೇನೂ ದೂರಿಲ್ಲ, ಬಾಯಿ ಚಪ್ಪರಿಸ್ಕೊಂಡು ತಿಂತಿದ್ರು." ಸುಳ್ಳೆಂದು ಯಾರಿಗೆ ಅನುಮಾನ ಬರಬೇಕು? ನನ್ನ ಅಂಗಡಿಗೇ ಜನ ಬರುವುದು ಕಡಿಮೆಯಾಗಿ ಫೋನಿನಲ್ಲೇ ಸಾಮಾನು ಹೇಳುತ್ತಿದ್ದರು. ಕಾಲವೇ ಹಾಗೆ ತಿರುಗಿದೆ ಎಂದುಕೊಂಡೆವು.

ಆದರೆ ಒಂದು ವಿಚಿತ್ರ ಇತ್ತು. ಊಟ ಕಡಿಮೆಯಾದರೂ ಎಡಚಿ ಒಯ್ಯುವ ಅಕ್ಕಿ, ಎಣ್ಣೆ, ಬೇಳೆ ಹೆಚ್ಚುತ್ತಲೇ ಇತ್ತು. ಕೇಳಿದೆ. "ಗಂಡನ ಕಡೆಯವರು ಬಂದಿದಾರೆ, ತಿನ್ನೋ ಬಾಯಿ ಜಾಸ್ತಿ" ಎಂದಳು. ಊರಿಂದೂರಿಗೆ ಓಡಾಟವೇ ಬಂದ್ ಆಗಿರುವಾಗ ಯಾವ ನೆಂಟರು, ಯಾವ ಬಸ್ಸಿನಲ್ಲಿ ಬಂದರು? ಆ ಪ್ರಶ್ನೆ ನನ್ನ ಮಂಡೆಗೆ ಹೊಳೆಯಲಿಲ್ಲ. ಬೆಣ್ಣೆಯಂಥ ಮಾತು ಅವಳದು.

ಒಂದು ಮಧ್ಯಾಹ್ನ ನನ್ನ ಸೊಸೆಗೆ ಅಡುಗೆ ಬೇಸರವಾಗಿ ಫೋನಿನಲ್ಲಿ ಊಟ ತರಿಸಿದಳು. ಅಂಗಡಿಯಲ್ಲೇ ತೆಗೆದು ಕೂತಳು. ಡಬ್ಬದ ಮೇಲೆ ಚೀಟಿ ಅಂಟಿಸಿದ್ದರು: "ಅಕ್ಕನ ಕೈರುಚಿ". ಅದೇ ಹೊತ್ತಿಗೆ ಸೌಟಕ್ಕ ಪಾವು ಅಕ್ಕಿಗೆ ಬಂದು ನಿಂತಿದ್ದಳು. ಮೊದಲು ಮೂಟೆ ಒಯ್ಯುತ್ತಿದ್ದವಳು, ಪಾವು! ಸೊಸೆ ಮುಚ್ಚಳ ತೆಗೆದಾಗ ಅದರೊಳಗಿಂದ ಒಂದು ಬಿಳಿ ಪೊಟ್ಟಣ ಉರುಳಿ ಕಟ್ಟೆಯ ಮೇಲೆ ಬಿತ್ತು.

ಸೌಟಕ್ಕ ಅದನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಬಿಚ್ಚಲಿಲ್ಲ. ಅಂಗೈ ಮೇಲಿಟ್ಟು ಕೊನೆಯ ಮಡಿಕೆಯ ತುದಿಯನ್ನು ಬೆರಳಿನಿಂದ ಸವರಿದಳು. ಅವಳ ಪೊಟ್ಟಣದಲ್ಲಿ ಆ ತುದಿ ಬಲಗಡೆಯಿಂದ ಒಳಗೆ ಹೋಗುತ್ತದೆ. ಇದು ಎಡಗಡೆಯಿಂದ ಹೋಗಿತ್ತು.

"ಇದನ್ನ ಮಡಿಸೋಕೆ ಬರೋದು ಲೋಕದಲ್ಲಿ ಇಬ್ಬರಿಗೇ" ಎಂದಳು. "ಇದು ನನ್ನ ಕೈಯದ್ದಲ್ಲ."

ಮೇಷ್ಟ್ರು ಎದುರಿನ ವೃತ್ತದಲ್ಲಿ ನಿಂತಿದ್ದರು. ಗಂಟಲು ಸರಿಮಾಡಿಕೊಂಡು, "ಬೇಜಾರು ಮಾಡ್ಕೋಬೇಡಮ್ಮ" ಎಂದರು. "ನಿನ್ನ ಊಟ ಆಮೇಲಾಮೇಲೆ ಬಾಯಿಗಿಡೋಕಾಗ್ತಿರಲಿಲ್ಲ. ಬರೀ ಉಪ್ಪು. ದಿನಾ ನಿನ್ನ ತಂಗಿ ಹತ್ರ ಹೇಳ್ತಿದ್ದೆ, ಅಕ್ಕನಿಗೆ ಹೇಳಮ್ಮ ಅಂತ. ಹೇಳಿದೀನಿ, ಅವಳು ಕೇಳಲ್ಲ, ಹಟಮಾರಿ ಅಂದಳು. ಆಮೇಲೆ ಅವಳೇ, ಬೇಕಾದ್ರೆ ನಾನು ಮಾಡಿ ಕಳಿಸ್ತೀನಿ ಮೇಷ್ಟ್ರೇ ಅಂದಳು. ನಿನಗೂ ಗೊತ್ತಿದೆ ಅಂದ್ಕೊಂಡಿದ್ದೆ."

ಸೌಟಕ್ಕನ ಮುಖ ಬಾಡಿ ಸಣ್ಣದಾಯಿತು. ಪಾವು ಅಕ್ಕಿಯ ಚೀಲವನ್ನು ಹಿಡಿದುಕೊಂಡೇ ಮೂಟೆಯ ಮೇಲೆ ಕುಸಿದು ಕೂತಳು. "ನೀವಾದ್ರೂ ಒಂದು ಫೋನ್ ಮಾಡ್ಬಾರದಿತ್ತಾ ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದಳು. ಮೇಷ್ಟ್ರು ಚಪ್ಪಲಿ ನೋಡಿಕೊಂಡರು.

ಸಂಜೆ ಎಡಚಿ ಎಣ್ಣೆಗೆ ಬಂದಳು. ಸೌಟಕ್ಕ ಅಲ್ಲೇ ಇದ್ದಳು, ಮನೆಗೇ ಹೋಗಿರಲಿಲ್ಲ. ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟಳು. ಎಡಚಿ ನೋಡಿದಳು. ಮುಖದ ಬಣ್ಣ ಇಳಿಯಿತು.

"ಉಪ್ಪು ಜಾಸ್ತಿ ಅಂತ ಒಂದು ಮಾತು ಹೇಳೋಕೆ ನಿನಗೇನಾಗಿತ್ತೇ?" ಅಕ್ಕ ಕೇಳಿದಳು.

"ಹೇಳಿದ್ದೆ" ಎಂದಳು ತಂಗಿ. "ಮೊದಲನೇ ದಿನಾನೇ ಹೇಳಿದ್ದೆ. ನೀನೇನಂದೆ? ಟಿಕೆಟ್ ಹರಿಯೋ ಕೈಗೆ ಉಪ್ಪಿನ ಹದ ಗೊತ್ತೇನು ಅಂದೆ. ನಿನ್ನ ಹತ್ರ ಅನ್ನಿಸ್ಕೊಳ್ಳೋದಕ್ಕಿಂತ ಸರಿ ಇದೆ ಅನ್ನೋದೇ ಸುಲಭ ಆಯ್ತು."

"ಒಂದು ಸಲ ಬೈದೆ ಅಂತ ನನ್ನ ಹೊಟ್ಟೆ ಮೇಲೆ ಹೊಡಿತೀಯಾ?"

"ಒಂದು ಸಲಾನಾ? ಹುಟ್ಟಿದಾಗಿಂದ ಈರುಳ್ಳಿ ಹೆಚ್ಚಿದೀನಿ ನಿನಗೆ. ಒಂದು ದಿನ ಸೌಟು ಮುಟ್ಟೋಕೆ ಬಿಟ್ಟಿದ್ಯಾ? ನನಗೂ ಕೆಲಸ ಹೋಗಿತ್ತು ಅಕ್ಕಾ. ನನ್ನ ಮನೇಲೂ ಒಲೆ ಉರೀಬೇಕಿತ್ತು." ಆಮೇಲೆ, ದೇವರೇ, ಅವಳು ಹೇಳಿದ ಮಾತು ಕೇಳಿ: "ಹೆಸರು ನಿಂದೇ ಇಟ್ಟಿದೀನಲ್ಲ! ಅಕ್ಕನ ಕೈರುಚಿ ಅಂತ."

ನಾನು ಎಣ್ಣೆಯ ಕ್ಯಾನನ್ನು ಹಿಂದಕ್ಕೆ ಎಳೆದುಕೊಂಡೆ. "ನಿನಗೆ ನನ್ನ ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣವೂ ಇಲ್ಲ, ನಡಿ!" ಎಂದು ಕೂಗಿದೆ. ಅವಳು ಹೋದಳು. ಸೌಟಕ್ಕ ಅಳಲಿಲ್ಲ, ಕೂಗಲಿಲ್ಲ. "ಬೈದದ್ದು ನಿಜ ಕಣೇ" ಎಂದಳು ನನ್ನ ಕಡೆ ತಿರುಗಿ. "ಆದ್ರೆ ದಿನಾ ಬೆಳಿಗ್ಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಸರಿ ಇದೆ ಅಂತಿದ್ಳು. ಬಾಯಲ್ಲಿ ಉಪ್ಪು ಉರೀತಿರುವಾಗಲೇ ಅಂತಿದ್ಳು. ಹೇಗೆ ನುಂಗಿದ್ಳೋ!"

ಆಮೇಲೆ ಅವಳು ನನ್ನ ಅಂಗಡಿಗೇ ಬಂದು ಕೂರತೊಡಗಿದಳು. ಜನಕ್ಕೆ ಕಟ್ಟಿಟ್ಟ ಸಾಮಾನೇ ಬೇಕಿತ್ತಲ್ಲ. ಬೇಳೆ, ಸಕ್ಕರೆ, ಮೆಣಸು, ಉಪ್ಪು ತೂಗಿ ಪೊಟ್ಟಣ ಕಟ್ಟುವುದು ಅವಳ ಕೆಲಸ. ಊರಿಗೆಲ್ಲ ಉಣ್ಣಿಸಿದ ಕೈ ಹೀಗೆ ಕಾಗದ ಮಡಿಸುತ್ತ ಕೂತಿತು. ನಾಲಿಗೆ ಮಾತ್ರ ನಿಧಾನವಾಗಿ ಮರಳಿತು. ಮೊದಲು ಬಂದದ್ದು ಉಪ್ಪೇ. ಒಂದು ದಿನ ಬೆರಳು ನೆಕ್ಕಿ, "ಏ ಅಂಗಡಿ, ಬಂತು ಕಣೇ!" ಎಂದು ಕೂಗಿದಳು. ಆಮೇಲೆ ಹುಳಿ ಬಂತು, ಖಾರ ಬಂತು, ಕೊನೆಗೆ ಕಾಫಿಯ ವಾಸನೆಯೂ. ಕ್ಯಾರಿಯರುಗಳು ಮಾತ್ರ ಮರಳಲಿಲ್ಲ. ಮನೆಮನೆಗೆ ಹೋಗಿ, ನಾಲಿಗೆ ಬಂದಿದೆ ನೋಡಿ ಎಂದು ತೋರಿಸಲು ಆಗುತ್ತದೆಯೇ?

ಕಾಯಿಲೆಯ ಎರಡನೆಯ ಸುತ್ತು ಇಳಿಯುವ ಹೊತ್ತಿಗೆ ಕಾರ್ಖಾನೆ ತೆರೆಯುತ್ತದೆ ಎಂಬ ಸುದ್ದಿ ಬಂತು. ಕ್ಯಾಂಟೀನು ಮತ್ತೆ ಶುರುವಾದರೆ ಕರೆ ಬರುತ್ತದೆ ಎಂದು ಸೌಟಕ್ಕ ತನ್ನ ಉದ್ದನೆಯ ಸೌಟನ್ನು ಹುಳಿ ಹಚ್ಚಿ ಬೆಳಗಿಟ್ಟಳು. ಕರೆ ಬರಲಿಲ್ಲ. ಅಲ್ಲಿ ಇನ್ನು ಬೇಯಿಸುವುದಿಲ್ಲವಂತೆ, ಹೊರಗಿನಿಂದಲೇ ಊಟ ತರಿಸುತ್ತಾರಂತೆ. ಯಾರಿಂದ? ಅಕ್ಕನ ಕೈರುಚಿಯಿಂದ. ಮೊದಲು ಒಂದು ದಿನ ತಿಂದು ನೋಡಿ ಆಮೇಲೆ ಒಪ್ಪುತ್ತಾರಂತೆ. ಸುದ್ದಿ ಹೇಳಿದ ಕಾರ್ಖಾನೆಯ ವಾಚ್‌ಮನ್ನನ ಮೇಲೇ ನಾನು ರೇಗಿದೆ. ಪಾಪ, ಅವನದೇನು ತಪ್ಪು?

ಆ ದಿನದ ಬೆಳಿಗ್ಗೆ ಎಡಚಿ ಬಂದಳು. ಅಂದು ಬೈದು ಕಳಿಸಿದ ಮೇಲೆ ಮೊದಲ ಸಲ. ಹಗ್ಗದಾಚೆ ನಿಂತಳು. ಮುಖ ಸೊರಗಿತ್ತು, ಕೈಯಲ್ಲಿ ಒಂದು ಸಣ್ಣ ಡಬ್ಬಿ.

"ಅಕ್ಕಾ" ಎಂದಳು, "ನನಗೂ ಬಂದು ಹೋಯ್ತು. ಮೂಗೂ ಇಲ್ಲ, ನಾಲಿಗೇನೂ ಇಲ್ಲ. ಇವತ್ತು ಕಾರ್ಖಾನೆ ಊಟ. ಕೆಲಸದವರನ್ನ ಕೇಳಿದ್ರೆ ಒಬ್ಬಳು ಜಾಸ್ತಿ ಅಂತಾಳೆ, ಒಬ್ಬಳು ಕಮ್ಮಿ ಅಂತಾಳೆ. ನಾನು ಯಾರನ್ನ ನಂಬಲಿ? ನಿನ್ನ ನಾಲಿಗೆ ಬಂದಿದೆ ಅಂತ ಕೇಳಿದೆ. ಒಂದ್ಸಲ ಉಪ್ಪು ನೋಡ್ತೀಯಾ?"

ನನಗೆ ನಗು ಬಂತು, ಸಿಟ್ಟೂ ಬಂತು. ಕೇಳುವುದಕ್ಕೂ ಒಂದು ಮುಖ ಬೇಡವೇ! ಸೌಟಕ್ಕನೋ, ಎದ್ದು ಕೈ ತೊಳೆದುಕೊಂಡು ಹೋದಳು. ಡಬ್ಬಿಯ ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಕಣ್ಣು ಮುಚ್ಚಿ ಒಂದು ಕ್ಷಣ ನಿಂತಳು.

"ಸರಿ ಇದೆ" ಎಂದಳು.

ಎಡಚಿ ಅವಳ ಮುಖವನ್ನೇ ನೋಡಿದಳು. "ನಿಜವಾಗ್ಲೂ?"

"ಸರಿ ಇದೆ ಅಂದೆನಲ್ಲ."

"ನನ್ನಾಣೆಗೂ?"

ಸೌಟಕ್ಕ ಬಂದು ತನ್ನ ಕಾಗದಗಳ ಮುಂದೆ ಕೂತಳು. ಎಡಚಿ ಇನ್ನೂ ಸ್ವಲ್ಪ ಹೊತ್ತು ಹಗ್ಗ ಹಿಡಿದುಕೊಂಡು ನಿಂತು, ಆಮೇಲೆ ಹೋದಳು.

ಸಂಜೆ ವಾಚ್‌ಮನ್ ಬೀಡಿಗೆ ಬಂದ. "ಊಟಾನಾ ಅದು? ಬಿಸಿನೀರು!" ಎಂದ. "ಉಪ್ಪಿಲ್ಲ, ಹುಳಿಯಿಲ್ಲ. ಪೊಟ್ಟಣದ ಉಪ್ಪೆಲ್ಲ ಸುರಿದ್ರೂ ಸಾಲಲಿಲ್ಲ. ಜನ ಹಂಗೇ ಎದ್ದು ಹೋದ್ರು. ಅದೇನಾಯ್ತೋ ಆಯಮ್ಮಂಗೆ, ಹೊರಡೋ ಹೊತ್ತಿಗೆ ಬಿಂದಿಗೆ ಬಿಂದಿಗೆ ನೀರು ಸುರಿದಳಂತೆ ಸಾರಿಗೆ, ಕೆಲಸದವರು ಬೇಡ ಬೇಡ ಅಂದ್ರೂನೂ. ಇನ್ನು ಅವಳ ಊಟ ಬೇಡ ಅಂದುಬಿಟ್ರು ಸಾಹೇಬ್ರು."

ಅವನು ಹೋದದ್ದೇ ತಡ, ನಾನು ಕಟ್ಟೆ ತಟ್ಟಿ ನಕ್ಕೆ. ಎಷ್ಟು ದಿನದ ಉರಿ ತಣ್ಣಗಾಯಿತು ಎನ್ನಿಸಿತು. "ಭೇಷ್ ಕಣೇ ಸೌಟಕ್ಕ!" ಎಂದೆ. "ಅವಳ ಮಾತನ್ನ ಅವಳಿಗೇ ತಿರುಗಿಸಿ ಕೊಟ್ಟೆ ನೋಡು. ಸರಿ ಇದೆ ಅಂತೆ! ಎಷ್ಟು ಜಾಸ್ತಿ ಇತ್ತೇ, ಹೇಳು? ನಿನ್ನ ಮುಖ ನೋಡಿದ್ರೆ ಒಂಚೂರೂ ಗೊತ್ತಾಗಲಿಲ್ಲ."

ಅವಳ ಕೈ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದಳು. ಅಂದು ಪೊಟ್ಟಣ ಸಿಕ್ಕ ದಿನ ಇದ್ದ ಮುಖವೇ ಅದು.

"ಸರಿಯಾಗೇ ಇತ್ತು ಕಣೇ" ಎಂದಳು. "ನಾನು ಹಾಕಿದ್ರೂ ಅಷ್ಟೇ ಹಾಕ್ತಿದ್ದೆ, ಒಂದು ಹರಳು ಹೆಚ್ಚಿರಲಿಲ್ಲ. ಸಾಕಿದ ಮಗು ಅದು, ಉಪ್ಪು ನೋಡು ಅಂದ್ರೆ ಸುಳ್ಳು ಹೇಳ್ತೀನಾ? ಅವಳು ನಂಬಲಿಲ್ಲ. ನಾನೂ ತನ್ನ ಹಾಗೇ ಅಂದ್ಕೊಂಡ್ಳು." ಕಾಗದವೊಂದನ್ನು ಕೈಗೆತ್ತಿಕೊಂಡು, "ನೀನೂ ಹಂಗೇ ಅಂದ್ಕೊಂಡ್ಯಲ್ಲೇ, ಅಂಗಡಿ" ಎಂದಳು.

ಅವಳು ಮುಂದಿದ್ದ ಉಪ್ಪನ್ನು ಕಾಗದಕ್ಕೆ ಸುರಿದು, ಮಡಿಸಿ, ತುದಿಯನ್ನು ಬಲಗಡೆಯಿಂದ ಒಳಗೆ ಸಿಕ್ಕಿಸಿ, ಬುಟ್ಟಿಗೆ ಹಾಕಿದಳು.